ಶೇಕಡಾ 41 ಎಂಬ ಅಂಕಿಯ ಒಳಗೇನಿದೆ?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ರಕ್ತದ ದಾರಿ ಕಿರಿದಾಗುವುದನ್ನು ನೀವು ಪಾಠದಲ್ಲಿ ಓದಿರುತ್ತೀರಿ. ರಕ್ತನಾಳಕ್ಕೆ ಅಯೊಡೀನ್‌ಯುಕ್ತ ದ್ರವವನ್ನು ಚುಚ್ಚಿ, ಕ್ಷ-ಕಿರಣಗಳಿಂದ ಈ ಧಮನಿಗಳ ಚಿತ್ರ ಪಡೆಯುವ ವಿಧಾನವೇ ಸಿ.ಟಿ. ಆಂಜಿಯೊಗ್ರಫಿ. ಇದರ ಪರವಾಗಿ ಮತ್ತೆ ಮತ್ತೆ ಉಲ್ಲೇಖಿಸಲಾಗುವುದು ಸ್ಕಾಟ್ಲೆಂಡಿನ ‘ಸ್ಕಾಟ್-ಹಾರ್ಟ್’ ಅಧ್ಯಯನ. ಅದನ್ನು ಸ್ವಲ್ಪ ಒರೆಗೆ ಹಚ್ಚೋಣ.

ಎದೆನೋವಿನ ದೂರು ಹೊತ್ತು ಬಂದ 4,146 ಜನರನ್ನು ಯಾದೃಚ್ಛಿಕವಾಗಿ ಎರಡು ಸಮ ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಾಡಿಕೆಯ ತಪಾಸಣೆ ಮಾತ್ರ; ಇನ್ನೊಂದಕ್ಕೆ ಅದರ ಜೊತೆಗೆ ಸ್ಕ್ಯಾನ್. 2018ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದಂತೆ, ಹೃದಯಾಘಾತ ಅಥವಾ ಕರೋನರಿ ಕಾಯಿಲೆಯಿಂದ ಸಾವು ಮೊದಲ ಗುಂಪಿನಲ್ಲಿ ಶೇಕಡಾ 3.9, ಸ್ಕ್ಯಾನ್ ಗುಂಪಿನಲ್ಲಿ ಶೇಕಡಾ 2.3. ‘ಶೇಕಡಾ 41 ಇಳಿಕೆ’ ಎಂಬ ಮಾತು ಹುಟ್ಟಿದ್ದು ಇಲ್ಲಿ.

ಈಗ ಭಾಗಿಸುವ ಬದಲು ಕಳೆದು ನೋಡಿ. ವ್ಯತ್ಯಾಸ 1.6. ಅಂದರೆ ಸುಮಾರು 63 ಜನರಿಗೆ ಸ್ಕ್ಯಾನ್ ಮಾಡಿದಾಗ ಐದು ವರ್ಷದಲ್ಲಿ ಒಬ್ಬರಿಗೆ ಅಪಾಯ ತಪ್ಪಿತು. ಎರಡೂ ಲೆಕ್ಕ ಸರಿಯೇ. ಆದರೆ ಮೊದಲನೆಯದನ್ನಷ್ಟೇ ಹೇಳಿದರೆ ಲಾಭ ಹಿಗ್ಗಿ ಕಾಣುತ್ತದೆ. 2025ರಲ್ಲಿ ಹೊರಬಂದ ಹತ್ತು ವರ್ಷಗಳ ಅಂಕಿಗಳು 8.2 ಮತ್ತು 6.6. ವ್ಯತ್ಯಾಸ ಅದೇ 1.6, ಇಳಿಕೆ ಮಾತ್ರ ಐದನೆಯ ಒಂದು ಭಾಗಕ್ಕೆ ಬಂದಿದೆ. ಲಾಭ ಉಳಿಯಿತು, ಘೋಷಣೆ ಕುಗ್ಗಿತು.

ಇನ್ನೊಂದು ಪ್ರಶ್ನೆ: ಕಾಪಾಡಿದ್ದು ಚಿತ್ರವೇ? ಐದು ವರ್ಷಗಳಲ್ಲಿ ಸ್ಟೆಂಟ್, ಬೈಪಾಸ್‌ಗಳ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚು ಕಡಿಮೆ ಒಂದೇ. ಸ್ಕ್ಯಾನ್ ಗುಂಪಿನಲ್ಲಿ ಹೆಚ್ಚಾದದ್ದು ಸ್ಟ್ಯಾಟಿನ್, ಆಸ್ಪಿರಿನ್‌ಗಳಂಥ ತಡೆಮದ್ದು. ಚಿತ್ರ ದಾರಿ ತೋರಿಸಿತು, ಕೆಲಸ ಮಾಡಿದ್ದು ಬಹುಶಃ ಮಾತ್ರೆ. ಯಾರಿಗೆ ಸ್ಕ್ಯಾನ್ ಆಗಿದೆ ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿದಿತ್ತು ಎಂಬುದನ್ನೂ ಮರೆಯಬಾರದು. ಇನ್ನು ಒಟ್ಟು ಸಾವಿನ ಸಂಖ್ಯೆಯಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ; ಕಡಿಮೆಯಾದದ್ದು ಮುಖ್ಯವಾಗಿ ಮಾರಕವಲ್ಲದ ಹೃದಯಾಘಾತ.

ಇದರಿಂದ ಸ್ಕ್ಯಾನ್ ನಿಷ್ಪ್ರಯೋಜಕ ಎಂದಾಗದು. ಎದೆನೋವು ಇರುವವರಲ್ಲಿ ಅದು ಒಳ್ಳೆಯ ಸಾಧನ. ಆದರೆ ಯಾವ ತೊಂದರೆಯೂ ಇಲ್ಲದವರಿಗೆ ‘ಪೂರ್ಣ ತಪಾಸಣೆ’ಯ ಹೆಸರಿನಲ್ಲಿ ಇದನ್ನು ಮಾರುವವರಿಗೆ ಈ ಅಧ್ಯಯನ ಸಾಕ್ಷಿ ನುಡಿಯುವುದಿಲ್ಲ; ಅಂಥವರು ಅದರಲ್ಲಿ ಇರಲೇ ಇಲ್ಲ.

ಅಧ್ಯಾಪಕರೆ, ಈ ನಾಲ್ಕು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಶೇಕಡಾವಾರು ಇಳಿಕೆಯನ್ನೂ ನೇರ ವ್ಯತ್ಯಾಸವನ್ನೂ ಮಕ್ಕಳೇ ಲೆಕ್ಕ ಹಾಕಲಿ.