ಪಡಿಯಚ್ಚು ಮತ್ತು ಪ್ರತಿ: ಆಂಟಿಕ್ಸ್ ಲಿನಕ್ಸನ್ನು ಕುರಿತು ಒಂದು ವಿಮರ್ಶೆ

ಇತಿಹಾಸದ ಅಧ್ಯಾಪಕರಾದ ನಾವು ಕಂಪ್ಯೂಟರಿನ ಒಂದು ಕಾರ್ಯವ್ಯವಸ್ಥೆಯನ್ನು ವಿಮರ್ಶಿಸಲು ಹೊರಟಿರುವುದು ಕೆಲವು ವಾಚಕರಿಗೆ ಅನಧಿಕಾರ ಪ್ರವೇಶವೆಂದು ತೋರಬಹುದು. ಆದರೆ ಇಲ್ಲಿ ಚರ್ಚಿಸಲಿರುವ ಆಂಟಿಕ್ಸ್ ಎಂಬ ಲಿನಕ್ಸ್ ವಿತರಣೆಯ ಹಿರಿಮೆಯು ಮುಖ್ಯವಾಗಿ ಪ್ರತಿ ತೆಗೆಯುವುದರಲ್ಲಿದೆ; ಮೂಲಕ್ಕೂ ಪ್ರತಿಗೂ ಇರುವ ಸಂಬಂಧವಾದರೋ ನಮ್ಮ ಶಾಸ್ತ್ರದ ಮೊದಲನೆಯ ಪ್ರಶ್ನೆ. ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುಟಿಯ ಗೋಡೆಯ ಮೇಲಿರುವ ಶಕ 556ರ ರವಿಕೀರ್ತಿಯ ಶಾಸನವನ್ನು ಫ್ಲೀಟರು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ ಮೇಲೆಯೂ ಕೀಲ್‌ಹಾರ್ನರು ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಅದನ್ನು ಮರಳಿ ಸಂಪಾದಿಸಬೇಕಾಯಿತು. ಒಂದು ಪ್ರತಿಯನ್ನು ಇನ್ನೊಬ್ಬರು ಪರೀಕ್ಷಿಸುವುದು ಅಪನಂಬಿಕೆಯ ಲಕ್ಷಣವಲ್ಲ, ವಿದ್ವತ್ತಿನ ನಿತ್ಯವಿಧಿ. ಆ ದೃಷ್ಟಿಯಿಂದಲೇ ಈ ಲೇಖನವನ್ನು ಬರೆದಿದ್ದೇವೆ.

ಲಿನಕ್ಸ್ ಎಂಬುದು ಯಂತ್ರವನ್ನು ನಡೆಸುವ ತಿರುಳು ಮಾತ್ರ. ಆ ತಿರುಳಿನೊಡನೆ ಬೇಕಾದ ತಂತ್ರಾಂಶಗಳನ್ನು ಆರಿಸಿ, ಹೊಂದಿಸಿ, ಒಂದು ಕಟ್ಟಾಗಿ ಕೊಡುವುದನ್ನು ವಿತರಣೆಯೆಂದು ಕರೆಯುವರು. ಆಂಟಿಕ್ಸ್ 2007ರಲ್ಲಿ ಮೊದಲು ಹೊರಬಂದಿತು. ಆಗ ಅದು ಮೆಪಿಸ್ ಎಂಬ ವಿತರಣೆಯನ್ನು ಆಧರಿಸಿತ್ತು. ಈಗ ನೇರವಾಗಿ ಡೆಬಿಯನ್ನಿನ ಮೇಲೆ ನಿಂತಿದೆ. 2014ರಿಂದ ಪ್ರಚಾರದಲ್ಲಿರುವ ಎಂಎಕ್ಸ್ ಲಿನಕ್ಸ್, ಆಂಟಿಕ್ಸ್ ಮತ್ತು ಮೆಪಿಸ್ ಬಳಗಗಳು ಕೂಡಿ ಮಾಡಿದ್ದು. 512 ಎಂಬಿ ಸ್ಮೃತಿಯುಳ್ಳ ಹಳೆಯ ಯಂತ್ರದಲ್ಲಿಯೂ ನಡೆಯಬೇಕೆಂಬುದು ಆಂಟಿಕ್ಸ್ ರಚಕರ ಸಂಕಲ್ಪ. ಅದಕ್ಕಾಗಿ ಭಾರವಾದ ಡೆಸ್ಕ್‌ಟಾಪುಗಳನ್ನು ಬಿಟ್ಟು ಐಸ್‌ಡಬ್ಲ್ಯೂಎಂ ಮುಂತಾದ ಹಗುರವಾದ ಕಿಟಕಿ ನಿರ್ವಾಹಕಗಳನ್ನು ಇಟ್ಟುಕೊಂಡಿದ್ದಾರೆ, ಸಿಸ್ಟಮ್‌ಡಿಯನ್ನೂ ದೂರವಿಟ್ಟಿದ್ದಾರೆ. ಪೂರ್ಣ, ಬೇಸ್, ಕೋರ್, ನೆಟ್ ಎಂದು ನಾಲ್ಕು ಪ್ರಮಾಣಗಳಲ್ಲಿ ದೊರೆಯುತ್ತದೆ. ಕಾಲೇಜಿನವರಿಗೆ ಪೂರ್ಣವೇ ಸರಿ. ಉಳಿದವು ಕೈ ಪಳಗಿದವರಿಗೆ.

ಇತಿಹಾಸದ ವಿದ್ಯಾರ್ಥಿಗಳ ಗಮನವನ್ನು ಸೆಳೆಯುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇದರ ಆವೃತ್ತಿಗಳಿಗೆ ಪ್ರತಿರೋಧದ ಚರಿತ್ರೆಯಿಂದ ಹೆಸರುಗಳನ್ನು ಇಡುವ ಪದ್ಧತಿಯಿದೆ. 23ನೆಯ ಆವೃತ್ತಿಯ ಹೆಸರು ಆರ್ದಿತಿ ದೆಲ್ ಪೋಪೊಲೊ, ಅಂದರೆ 1921ರಲ್ಲಿ ಇಟಲಿಯ ಫ್ಯಾಸಿಸ್ಟರಿಗೆ ಎದುರಾಗಿ ಕಟ್ಟಿದ ಜನದಳ. 19.3ಕ್ಕೆ, 1941ರಲ್ಲಿ ಅಥೆನ್ಸಿನ ಅಕ್ರೋಪೊಲಿಸಿನಿಂದ ನಾಜಿ ಧ್ವಜವನ್ನು ಕಿತ್ತಿಳಿಸಿದ ಇಬ್ಬರಲ್ಲಿ ಒಬ್ಬನಾದ ಮನೋಲಿಸ್ ಗ್ಲೆಜೋಸನ ಹೆಸರಿದೆ. 16ನೆಯ ಆವೃತ್ತಿಗೆ ಇಟ್ಟದ್ದು ಹೊಂಡುರಾಸಿನ ಬೆರ್ತಾ ಕಾಸೆರೆಸಳ ಹೆಸರನ್ನು. ತನ್ನ ಜನರ ನದಿಗೆ ಅಣೆಕಟ್ಟು ಕಟ್ಟುವುದನ್ನು ವಿರೋಧಿಸಿ 2016ರ ಮಾರ್ಚಿಯಲ್ಲಿ ಕೊಲೆಯಾದವಳು ಈಕೆ. ಆಲಮಟ್ಟಿಯ ಹಿನ್ನೀರಿಗೆ ಅರ್ಧ ಊರನ್ನು ಕೊಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ಓದುಗರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ರಚಕರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು.

ನಾವು ಇದರ ಕಡೆಗೆ ಬಂದದ್ದು ಅನಿವಾರ್ಯದಿಂದ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತಿತು. ಅದರ ಮುಂದಿನ ಆವೃತ್ತಿಯನ್ನು ಹೊರಲಾರದ ಯಂತ್ರಗಳು ನಮ್ಮ ಕಡೆಯ ಕಾಲೇಜುಗಳಲ್ಲಿ ಎಷ್ಟೋ ಇವೆ. ಅವು ಕೆಟ್ಟಿಲ್ಲ, ಆದರೂ ಕೆಟ್ಟವುಗಳ ಲೆಕ್ಕಕ್ಕೆ ಸೇರುತ್ತಿವೆ. ಬಾಗಲಕೋಟೆಯಲ್ಲಿ ನಮ್ಮ ಕೈಗೆ ಸಿಕ್ಕ ಅಂಥ ಯಂತ್ರವೊಂದರಲ್ಲಿ ಆಂಟಿಕ್ಸನ್ನು ಹಾಕಿ, ಶಾಸನಪಾಠಗಳನ್ನು ಬರೆಯುವ ವಿದ್ಯಾರ್ಥಿಗಳಿಗೆ ಬೇಕಾದುದನ್ನೆಲ್ಲ ಒಂದೊಂದಾಗಿ ಸೇರಿಸಿದೆವು. ಡೆಬಿಯನ್ನಿನ ಭಂಡಾರದಿಂದ ಗುಬ್ಬಿ, ನವಿಲು ಮತ್ತು ಲೋಹಿತ್ ಫಾಂಟುಗಳು ಬಂದವು; ಮುದ್ರಿತ ಕನ್ನಡವನ್ನು ಗುರುತಿಸಿ ಅಕ್ಷರವಾಗಿಸುವ ಟೆಸ್ಸರಾಕ್ಟ್ ಬಂದಿತು; ಕೊನೆಗೆ ಕೀಲಿಮಣೆ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡಕ್ಕೆ ಕಗಪ ವಿನ್ಯಾಸವೆಂಬುದೊಂದಿದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಅದೇ ಹೆಸರಿನಲ್ಲಿ ಹಿಂದಿ, ಮರಾಠಿ, ಸಂಸ್ಕೃತಗಳ ವಿನ್ಯಾಸಗಳೂ ಆ ಪಟ್ಟಿಯಲ್ಲಿರುವುದನ್ನು ಕಂಡು ನಮಗೆ ಸಂತೋಷವಾಯಿತು. ಇಷ್ಟನ್ನು ಮಾಡಲು ಮೂರು ವಾರದ ಸಂಜೆಗಳು ಹಿಡಿದವು. ಇದೇ ಕೆಲಸವನ್ನು ಬಾದಾಮಿ, ಹುನಗುಂದ, ಇಳಕಲ್ಲಿನ ಮಿತ್ರರು ಮತ್ತೆ ಮೊದಲಿನಿಂದ ಮಾಡಬೇಕೆ ಎಂಬ ಪ್ರಶ್ನೆಗೆ ಉತ್ತರವಾಗಿ ಸ್ನ್ಯಾಪ್‌ಶಾಟ್ ಎಂಬ ಉಪಕರಣವು ದೊರೆಯಿತು.

ಅದರ ಕೆಲಸವನ್ನು ತಿಳಿಯುವ ಮುನ್ನ ಈ ವಿತರಣೆಯ ಲೈವ್ ರೀತಿಯನ್ನು ತಿಳಿಯಬೇಕು. ಹಾರ್ಡ್ ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ಯಂತ್ರವನ್ನು ನಡೆಸಬಹುದು. ಪೆನ್ ಡ್ರೈವಿನಲ್ಲಿರುವ ವ್ಯವಸ್ಥೆಯು ಒತ್ತಿ ಕಟ್ಟಿದ ಒಂದೇ ಕಡತ. ಅದನ್ನು ಓದಬಹುದಲ್ಲದೆ ತಿದ್ದಲಾಗದು. ನಾವು ಮಾಡಿದ ಬದಲಾವಣೆಗಳೆಲ್ಲ ಅದರ ಮೇಲೆ ಹಾಸಿದ ಬೇರೊಂದು ಪದರದಲ್ಲಿ ಕೂಡುತ್ತವೆ. ಆ ಪದರವನ್ನು ಪೆನ್ ಡ್ರೈವಿನಲ್ಲಿ ಕಾದಿಡುವುದಕ್ಕೆ ಪರ್ಸಿಸ್ಟೆನ್ಸ್ ಎಂದು ಹೆಸರು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಕುಣಿಕೆಯಾಗಿ ಜೋಡಿಸುವ ತೋಪುತೆನಿಯನ್ನು ಕಂಡವರಿಗೆ ಈ ಜೋಡಣೆ ಅಪರಿಚಿತವಾಗಿ ತೋರದು. ರೀಮಾಸ್ಟರ್ ಎಂಬ ಉಪಕರಣವು ಎರಡನ್ನೂ ಬೆಸೆದು ಒಂದೇ ಕಡತವಾಗಿಸುತ್ತದೆ. ಇನ್‌ಸ್ಟಾಲರ್ ಅದನ್ನು ಹಾರ್ಡ್ ಡಿಸ್ಕಿನ ಮೇಲೆ ಬಿಚ್ಚಿ ಹರಡುತ್ತದೆ. ಇವೆಲ್ಲವೂ ಚೆನ್ನಾಗಿ ನಡೆಯುತ್ತವೆ, ದೂರಲು ಏನೂ ಇಲ್ಲ.

ಸ್ನ್ಯಾಪ್‌ಶಾಟ್ ಇದರ ಹಿಮ್ಮುಖ ಕ್ರಿಯೆ. ಹಾರ್ಡ್ ಡಿಸ್ಕಿನ ಮೇಲೆ ನಡೆಯುತ್ತಿರುವ ವ್ಯವಸ್ಥೆಯನ್ನು, ಅದು ನಡೆಯುತ್ತಿರುವಾಗಲೇ, ಇದ್ದಂತೆಯೇ ಹಿಡಿದು ಪುನಃ ಒತ್ತಿದ ಕಡತವಾಗಿಸಿ ಪೆನ್ ಡ್ರೈವಿಗೆ ಸಿದ್ಧಗೊಳಿಸುತ್ತದೆ. ಇದನ್ನು ನಾವು ಪಡಿಯಚ್ಚಿಗೆ ಹೋಲಿಸುತ್ತೇವೆ. ತೊಳೆದ ಕಲ್ಲಿಗೆ ನೆನೆದ ಕಾಗದವನ್ನು ಹಚ್ಚಿ, ಕುಂಚದಿಂದ ಬಡಿದು, ಮಸಿ ಒತ್ತಿದಾಗ ಅಕ್ಷರವಷ್ಟೇ ಅಲ್ಲ, ಕಲ್ಲಿನ ಬಿರುಕು, ಚಕ್ಕೆ, ದನಕಾಯುವ ಹುಡುಗನು ಗೀಚಿದ ಗೆರೆ ಎಲ್ಲವೂ ಏಳುತ್ತವೆ. ಕಣ್ಣಿನಿಂದ ನೋಡಿ ಬರೆದ ನಕಲಾದರೆ ಬರೆಯುವವನು ತನಗೆ ಬೇಕಾದುದನ್ನು ಆರಿಸುತ್ತಾನೆ. ಪಡಿಯಚ್ಚಿಗೆ ಆಯ್ಕೆಯಿಲ್ಲ, ಅದರ ಪ್ರಾಮಾಣ್ಯವಿರುವುದೂ ಅಲ್ಲಿಯೇ. ಹಳೆಯ ನುಡಿ, ಬರಹಗಳ ಸಂಕೇತದಲ್ಲಿ ಬರೆದ ಪ್ರಬಂಧಗಳನ್ನು ಇಂದು ತೆರೆದರೆ ಆ ಫಾಂಟುಗಳಿಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಗೊಂದಲವೇ ಕಾಣುವುದನ್ನು ನಮ್ಮಲ್ಲಿ ಅನೇಕರು ಅನುಭವಿಸಿದ್ದಾರೆ. ಬರಹವನ್ನು ಮಾತ್ರ ಕಾಪಾಡಿದರೆ ಸಾಲದು, ಅದನ್ನು ಓದಿಸುವ ಸಲಕರಣೆಯನ್ನೂ ಕೂಡಿಯೇ ಕಾಪಾಡಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಫಾಂಟು, ಕೀಲಿಮಣೆ, ತಂತ್ರಾಂಶಗಳೊಡನೆ ಇಡೀ ವ್ಯವಸ್ಥೆಯನ್ನೇ ಒಂದು ಕಡತವಾಗಿ ಇಡಬಲ್ಲ ಉಪಕರಣವು ಬಡ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ದೊರೆತ ದೊಡ್ಡ ಅನುಕೂಲವೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಆದರೆ ಈ ಪಡಿಯಚ್ಚು ಒಂದು ಪ್ರಶ್ನೆಯನ್ನು ಕೇಳುತ್ತದೆ: ಖಾತೆಗಳನ್ನು ಉಳಿಸಬೇಕೆ, ತೆಗೆಯಬೇಕೆ? ಉಳಿಸುವುದು ಸ್ವಂತದ ಕಾಪಿಗೆ, ತೆಗೆಯುವುದು ಪರರಿಗೆ ಹಂಚುವುದಕ್ಕೆ ಎಂದು ಪಕ್ಕದಲ್ಲಿ ಸೂಚನೆಯಿದೆ. ಓದಲು ಸುಲಭ. ಇದರ ಪರಿಣಾಮವನ್ನು ನಾವು ಬಾದಾಮಿಯಲ್ಲಿ ಕಂಡೆವು.

ಪರರಿಗೆ ಕೊಡುವುದಲ್ಲವೆ ಎಂದು ಖಾತೆಗಳನ್ನು ತೆಗೆದು ಮಾಡಿದ ಪ್ರತಿಯನ್ನು ಅಲ್ಲಿಯ ಮಿತ್ರರೊಬ್ಬರಿಗೆ ಒಯ್ದೆವು. ಯಂತ್ರವು ತಕ್ಷಣ ಎದ್ದಿತು. ಫಾಂಟುಗಳಿದ್ದವು, ಟೆಸ್ಸರಾಕ್ಟ್ ಇತ್ತು. ಕನ್ನಡ ಬರೆಯಲು ಕುಳಿತರೆ ಒಂದಕ್ಷರವೂ ಮೂಡಲಿಲ್ಲ. “ಸರ್, ಇದು ಇಂಗ್ಲಿಷೇ ಬರೀತೈತ್ರೀ” ಎಂದು ವಿದ್ಯಾರ್ಥಿನಿಯೊಬ್ಬಳು ನಕ್ಕಳು. ಕಾರಣವನ್ನು ಹುಡುಕಲು ಆ ದಿನವೆಲ್ಲ ಹೋಯಿತು. ಫಾಂಟು ಮೊದಲಾದವು ವ್ಯವಸ್ಥೆಯ ಸೊತ್ತು. ಆದರೆ ಯಾವ ಕೀಲಿಮಣೆ ಬೇಕು, ಡೆಸ್ಕ್‌ಟಾಪು ಏಳುವಾಗ ಏನೇನು ನಡೆಯಬೇಕು, ಬರವಣಿಗೆಯ ತಂತ್ರಾಂಶವು ಯಾವ ಭಾಷೆಯನ್ನು ಎಣಿಸಬೇಕು ಎಂಬ ನಿರ್ಧಾರಗಳೆಲ್ಲ ಬಳಸುವವನ ಹೋಮ್ ಎಂಬ ಕೋಶದಲ್ಲಿರುತ್ತವೆ. ಖಾತೆಗಳನ್ನು ತೆಗೆಯುವುದೆಂದರೆ ಆ ಕೋಶವನ್ನೇ ಬಿಟ್ಟು ಬರುವುದು. ನಾವು ಮೂರು ವಾರ ದುಡಿದು ಕೂಡಿಸಿದ ಕನ್ನಡದಲ್ಲಿ ಅರ್ಧವು ಹೀಗೆ ಬಾಗಲಕೋಟೆಯಲ್ಲಿಯೇ ಉಳಿದಿತ್ತು. ಇಂಗ್ಲಿಷಿನಲ್ಲಿ ಕೆಲಸ ಮಾಡುವವನಿಗೆ ಈ ನಷ್ಟವು ಅರಿವಿಗೇ ಬಾರದು, ಏಕೆಂದರೆ ಅವನ ಭಾಷೆಯು ವ್ಯವಸ್ಥೆಯೊಳಗೆ ಮೊದಲೇ ಇದೆ. ನಮ್ಮ ಭಾಷೆ ಮಾತ್ರ ಬಳಸುವವನ ವೈಯಕ್ತಿಕ ಅಭಿರುಚಿಯೆಂಬ ಲೆಕ್ಕದಲ್ಲಿ ಹೋಮಿನಲ್ಲಿ ಕುಳಿತಿದೆ. ಈ ಉಪಕರಣದ ಮೇಲೆ ನಮಗಿರುವ ಮುಖ್ಯ ಆಕ್ಷೇಪ ಇದೇ.

ಪರಿಹಾರವಿಲ್ಲವೆಂದಲ್ಲ. ಸ್ಕೆಲ್ ಎಂಬ ಒಂದು ಕೋಶವಿದೆ. ಅಸ್ಥಿಪಂಜರ ಎಂಬರ್ಥದ ಇಂಗ್ಲಿಷ್ ಪದದ ಸಂಕ್ಷೇಪ. ಹೊಸ ಖಾತೆಯು ಹುಟ್ಟುವಾಗ ಅದರ ಹೋಮನ್ನು ಈ ಪಂಜರದ ಮೇಲೆ ಕಟ್ಟಲಾಗುತ್ತದೆ. ನಮ್ಮ ನಿರ್ಧಾರಗಳ ಕಡತಗಳನ್ನು, ಅವನ್ನು ಮಾತ್ರ, ಮೊದಲು ಅಲ್ಲಿಗೆ ನಕಲಿಸಿ ಅನಂತರ ಪಡಿಯಚ್ಚು ತೆಗೆದರೆ ಹೊಸ ಯಂತ್ರದಲ್ಲಿ ಎಲ್ಲರಿಗೂ ಕನ್ನಡವು ದೊರೆಯುತ್ತದೆ. ನಾವು ಎರಡನೆಯ ಸಲ ಹೀಗೆಯೇ ಮಾಡಿ ಫಲ ಕಂಡೆವು. ಆದರೆ ಪಡಿಯಚ್ಚಿನ ಕಿಟಕಿಯಲ್ಲಿಯೇ ಈ ಮಾತನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಒಂದು ದಿನ ಉಳಿಯುತ್ತಿತ್ತು.

ಹುನಗುಂದದಲ್ಲಿ ಆದದ್ದು ಇದಕ್ಕಿಂತ ಗುರುತರವಾದುದು, ತಪ್ಪು ಪೂರ್ತಿಯಾಗಿ ನಮ್ಮದು. ಬಾದಾಮಿಯ ಅನುಭವದಿಂದ ಬೆದರಿ, ಸ್ಕೆಲ್ಲಿನ ಉಪಾಯ ತಿಳಿಯುವ ಮೊದಲು, ಖಾತೆಗಳನ್ನು ಉಳಿಸಿದ ಪ್ರತಿಯನ್ನು ಅಲ್ಲಿಗೆ ಕಳಿಸಿದ್ದೆವು. ಕನ್ನಡವೇನೋ ಸರಿಯಾಗಿ ಬಂದಿತು. ಅದರೊಡನೆ ನಮ್ಮ ವಿದ್ಯಾರ್ಥಿಗಳ ಆಂತರಿಕ ಅಂಕಗಳ ಪಟ್ಟಿಯೂ, ಕೆಲವು ಖಾಸಗಿ ಪತ್ರಗಳೂ, ವೈಫೈ ಗುಪ್ತಪದವೂ ಹೋದವು. ಅಲ್ಲಿಯ ಅಧ್ಯಾಪಕರು ಸಜ್ಜನರು. ಫೋನು ಮಾಡಿ, “ನಿಮ್ಮ ಹುಡುಗರ ಮಾರ್ಕ್ಸೆಲ್ಲ ನಮ್ಮ ಕಡೆ ಬಂದಾವ್ರಿ, ಅಳಸ್ತೀನಿ” ಎಂದು ತಿಳಿಸಿದರು. ದಾಖಲೆಗಳ ಗೌಪ್ಯವನ್ನು ಕುರಿತು ತರಗತಿಯಲ್ಲಿ ಪಾಠ ಹೇಳುವ ನಮಗೆ ಇದು ನಾಚಿಕೆಯ ಸಂಗತಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮುಂತಾದ ಕೋಶಗಳನ್ನು ಹೊರಗಿಡಲು ಗುರುತು ಹಾಕುವ ಜಾಗವು ಆ ಕಿಟಕಿಯಲ್ಲಿ ಇತ್ತು, ನಾವು ಹಾಕಿರಲಿಲ್ಲ. ಇನ್ನೊಂದು ಎಚ್ಚರಿಕೆ: ಖಾತೆಗಳನ್ನು ತೆಗೆದ ಪ್ರತಿಯು ಲೈವ್ ಆಗಿ ಎದ್ದಾಗ ಬಳಸುವವನ ಹೆಸರೂ ಗುಪ್ತಪದವೂ ಡೆಮೊ, ನಿರ್ವಾಹಕನದು ರೂಟ್. ಇದು ಲೋಕಕ್ಕೆಲ್ಲ ಗೊತ್ತು.

ಎರಡನೆಯ ಆಕ್ಷೇಪವು ಇತಿಹಾಸಕಾರರದು. ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಪ್ರತಿಯೊಂದು ಶಾಸನಕ್ಕೂ ಜಿಲ್ಲೆ, ತಾಲೂಕು, ಗ್ರಾಮ, ಕಲ್ಲು ನಿಂತ ಸ್ಥಳ ಇವು ದಾಖಲಾಗುತ್ತವೆ. ಇವಿಲ್ಲದ ಪಡಿಯಚ್ಚು ಮಸಿ ಹಚ್ಚಿದ ಕಾಗದವಷ್ಟೇ. ನಮ್ಮ ತಾಳೆಗರಿಗಳ ಲಿಪಿಕಾರರೂ ಕೊನೆಗೆ ತಮ್ಮ ಹೆಸರನ್ನೂ ದಿನವನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡುತ್ತಿದ್ದರು. ಸ್ನ್ಯಾಪ್‌ಶಾಟಿನ ಕಡತದ ಹೆಸರಿನಲ್ಲಿ ದಿನಾಂಕವನ್ನು ಇಡಬಹುದು, ಕಡತವು ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆಯೂ ಜೊತೆಗೆ ಬರುತ್ತದೆ. ಆದರೆ ಮೂಲ ಆಂಟಿಕ್ಸಿಗೆ ಯಾರು, ಎಲ್ಲಿ, ಏನನ್ನು, ಯಾಕೆ ಸೇರಿಸಿದರೆಂದು ಬರೆಯಿರಿ ಎಂದು ಅದು ಕೇಳುವುದಿಲ್ಲ. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಮೂರು ಕೈ ದಾಟಿದರೆ ಪಾಠಾಂತರಗಳು ಹುಟ್ಟುತ್ತವೆ. ಹುನಗುಂದದವರು ತಮ್ಮ ಅನುಕೂಲಕ್ಕೆ ಎರಡು ತಂತ್ರಾಂಶಗಳನ್ನು ತೆಗೆದು ಇಳಕಲ್ಲಿಗೆ ಕೊಟ್ಟರು. ಅಲ್ಲಿಯವರು ಅವು ಏಕಿಲ್ಲವೆಂದು ನಮ್ಮನ್ನು ಕೇಳಿದರು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಈ ವಿಷಯದಲ್ಲಿ ನಮಗಿಂತ ಭಾಗ್ಯವಂತವು. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ, ಶಾಲೆಗಳಿಗೆಂದೇ ಲಿನಕ್ಸ್ ವಿತರಣೆಯನ್ನು ಸಿದ್ಧಪಡಿಸುತ್ತಿದೆ. 2019ರಲ್ಲಿ ಹೊರಬಂದ 18.04 ಆವೃತ್ತಿಯು ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳಿಗೆ ಉದ್ದೇಶಿತವಾಗಿತ್ತು. ಅಲ್ಲಿ ಪ್ರತಿಗೆ ಹೆಸರುಂಟು, ಹೊಣೆಗಾರರುಂಟು. ನಮ್ಮಲ್ಲಿ ಪೆನ್ ಡ್ರೈವಿರುವ ಪ್ರತಿಯೊಬ್ಬ ಅಧ್ಯಾಪಕನೂ ತಾನೇ ಒಂದು ಪ್ರಕಟನಾಲಯ. ಸ್ವಾತಂತ್ರ್ಯವೆಂದು ಇದನ್ನು ಹೊಗಳಬಹುದು, ಮತ್ತು ಸ್ನ್ಯಾಪ್‌ಶಾಟ್ ಆ ಸ್ವಾತಂತ್ರ್ಯವನ್ನು ನಿಜವಾಗಿಯೂ ಕೊಡುತ್ತದೆ. ಆದರೆ ಹೊಣೆಯನ್ನು ಬರೆದಿಡುವ ಅಭ್ಯಾಸವನ್ನು ನಾವೇ ತರಬೇಕಾಗಿದೆ. ಈಗ ನಾವು ಪ್ರತಿಯೊಂದು ಪಡಿಯಚ್ಚಿನೊಳಗೂ ಒಂದು ಪುಟದ ಕನ್ನಡ ಕಡತವನ್ನು ಇಡುತ್ತಿದ್ದೇವೆ: ಮೂಲ ಆವೃತ್ತಿ, ಸ್ಥಳ, ತಿಂಗಳು, ಸೇರಿಸಿದ್ದು, ತೆಗೆದದ್ದು, ಮಾಡಿದವರು.

ಹಗುರವೆಂಬ ಮಾತಿನ ಮಿತಿಯನ್ನೂ ಹೇಳಬೇಕು. ವ್ಯವಸ್ಥೆಯು ಹಗುರವಾದರೂ ಇಂದಿನ ಬ್ರೌಸರುಗಳು ಹಗುರವಲ್ಲ. ಒಂದು ಜಿಬಿ ಸ್ಮೃತಿಯ ಯಂತ್ರದಲ್ಲಿ ಬರವಣಿಗೆ ಸಲೀಸು, ಅಂತರಜಾಲವು ಪ್ರಯಾಸ. ಇಳಕಲ್ಲಿನ ಒಂದು ಯಂತ್ರವಂತೂ ನಮ್ಮ ಪ್ರತಿಯನ್ನು ಏಳಿಸಲೇ ಇಲ್ಲ. ಅದು 32 ಬಿಟ್ಟಿನದು, ನಮ್ಮ ಪ್ರತಿಯು 64 ಬಿಟ್ಟಿನದು. ಆಂಟಿಕ್ಸ್ 23 ಎರಡೂ ರೂಪಗಳಲ್ಲಿ ಇದ್ದುದರಿಂದ ಅಲ್ಲಿಗೆ ಬೇರೆಯೇ ಪಡಿಯಚ್ಚನ್ನು ಮಾಡಿದೆವು. ಆದರೆ 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಗಳಿಗೆ ತಿರುಳಾಗಲಿ ಇನ್‌ಸ್ಟಾಲರಾಗಲಿ ಇಲ್ಲ. ಆಂಟಿಕ್ಸ್ 23ಕ್ಕೆ ಆಧಾರವಾದ ಡೆಬಿಯನ್ 12ಕ್ಕೆ 2028ರ ಜೂನಿನವರೆಗೆ ದೀರ್ಘಾವಧಿ ಬೆಂಬಲವಿದೆ. ಇಳಕಲ್ಲಿನ ಯಂತ್ರದಲ್ಲಿ ಇಬ್ಬರು ವಿದ್ಯಾರ್ಥಿಗಳು ತಮ್ಮ ತಾಲೂಕಿನ ಶಾಸನಪಾಠಗಳನ್ನು ಬರೆಯುತ್ತಿದ್ದಾರೆ; ಆ ಕೆಲಸವನ್ನು ಅದರೊಳಗೆ ಮುಗಿಸುವಂತೆ ಅವರಿಗೆ ತಿಳಿಸಿದ್ದೇವೆ.