ಫೋಲ್ಡರಿನ ಲೆಕ್ಕ ಒಂದು ಸಾಲಿನದಲ್ಲ

ಫೋಲ್ಡರಿನಲ್ಲಿ ಎಷ್ಟು ಫೈಲುಗಳಿವೆ ಎಂದು ಎಣಿಸುವುದಕ್ಕೆ ಒಂದು ಸಾಲಿನ ಕೋಡು ಸಾಕು, ಅದರಲ್ಲಿ ಕಲಿಯುವಂಥದ್ದು ಏನೂ ಇಲ್ಲ ಎಂಬ ಮಾತು ಪ್ರೋಗ್ರಾಮಿಂಗ್ ಕಲಿಸುವವರಲ್ಲಿ ಬೇರೂರಿಬಿಟ್ಟಿದೆ. ಲಿನಕ್ಸ್ ಕಲಿಸುವವರು ಎಲ್‌ಎಸ್ ಕಮಾಂಡಿನ ಫಲಿತಾಂಶವನ್ನು ಡಬ್ಲ್ಯೂಸಿಗೆ ಪೈಪ್ ಮಾಡಿ ಸಾಲು ಎಣಿಸಿ ಎನ್ನುತ್ತಾರೆ. ಪೈಥಾನ್ ಕಲಿಸುವವರು ಲಿಸ್ಟ್‌ಡಿರ್ ಕೊಟ್ಟ ಪಟ್ಟಿಯ ಉದ್ದ ನೋಡಿ ಎನ್ನುತ್ತಾರೆ. ಒಂದು ಅಂಕಿ ಬರುತ್ತದೆ, ಪಾಠ ಮುಗಿಯುತ್ತದೆ. ಆದರೆ ಆ ಅಂಕಿ ಯಾವುದರ ಲೆಕ್ಕ ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಒಂದೇ ಫೋಲ್ಡರಿನ ಮೇಲೆ ಎರಡನ್ನೂ ಓಡಿಸಿ ನೋಡಿ. ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಎಲ್‌ಎಸ್ ಬಿಡುತ್ತದೆ, ಲಿಸ್ಟ್‌ಡಿರ್ ಸೇರಿಸಿಕೊಳ್ಳುತ್ತದೆ. ಒಳಗೊಂದು ಫೋಲ್ಡರಿದ್ದರೆ ಎರಡೂ ಅದನ್ನು ಒಂದು ಎಂದು ಎಣಿಸುತ್ತವೆ. ಅದರೊಳಗೆ ಸಾವಿರ ಫೈಲುಗಳಿದ್ದರೂ ಇಣುಕುವುದಿಲ್ಲ. ಎಲ್‌ಎಸ್‌ಗೆ ಮೈನಸ್ ಎಲ್ ಸೇರಿಸಿದರೆ ಮೇಲ್ಗಡೆ 'ಟೋಟಲ್' ಎಂಬ ಸಾಲು ಬಂದು ಲೆಕ್ಕ ಒಂದು ಹೆಚ್ಚುತ್ತದೆ. ಲಿನಕ್ಸಿನಲ್ಲಿ ಫೈಲಿನ ಹೆಸರಿನ ನಡುವೆ ಸಾಲು ಮುರಿದಿರಲೂಬಹುದು. ಅಂಥದ್ದು ಡಬ್ಲ್ಯೂಸಿಗೆ ಎರಡು ಫೈಲು. ವಿಂಡೋಸ್ ಕೂಡ ಹೊರತಲ್ಲ. ಡಾಟ್‌ನೆಟ್ ಫ್ರೇಮ್‌ವರ್ಕಿನ ಗೆಟ್‌ಫೈಲ್ಸ್‌ಗೆ ಹಳೆಯ ಎಕ್ಸ್‌ಎಲ್‌ಎಸ್ ಫೈಲುಗಳನ್ನಷ್ಟೇ ಕೊಡು ಎಂದರೆ ಎಕ್ಸ್‌ಎಲ್‌ಎಸ್‌ಎಕ್ಸ್‌ಗಳನ್ನೂ ಸೇರಿಸಿ ಕೊಡುತ್ತದೆ. ಹೆಸರಿಗೆ ಎಂಟು, ಎಕ್ಸ್‌ಟೆನ್ಶನ್ನಿಗೆ ಮೂರು ಅಕ್ಷರ ಎಂಬ ಡಾಸ್ ಕಾಲದ ನಿಯಮದ ಉಳಿಕೆ ಅದು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೂ ಒಂದು ತೊಡಕಿದೆ. 'ಕೊಡಗು' ಎಂಬ ಹೆಸರಿನ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವದ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಹೆಸರಿನ ಬೈಟುಗಳನ್ನಷ್ಟೇ ಹೋಲಿಸುವುದರಿಂದ ಅಲ್ಲಿ ಇವು ಎರಡು ಫೈಲು. ಮ್ಯಾಕ್‌ನಲ್ಲಿ ಎರಡೂ ಒಂದೇ ಹೆಸರು. ಲಿನಕ್ಸಿನಿಂದ ಮ್ಯಾಕ್‌ಗೆ ಕಾಪಿ ಮಾಡಿದಾಗ ಒಂದರ ಮೇಲೊಂದು ಕೂತು ಲೆಕ್ಕ ಇಳಿದರೆ ಎಣಿಸಿದ ಕೋಡಿನಲ್ಲಿ ಯಾವ ದೋಷವೂ ಸಿಕ್ಕುವುದಿಲ್ಲ.

ಅಂದಾಜಿಗೆ ಇಷ್ಟು ಸಾಕಲ್ಲ ಎನ್ನುವವರಿದ್ದಾರೆ. ಅಂದಾಜಿಗೆ ಸಾಕು, ಒಪ್ಪುತ್ತೇನೆ. ಆದರೆ ಬ್ಯಾಕಪ್ ಪೂರ್ತಿಯಾಯಿತೇ, ಹಳೆಯ ಪುಸ್ತಕದ ಎಲ್ಲ ಪುಟಗಳೂ ಸ್ಕ್ಯಾನ್ ಆದವೇ ಎಂಬುದಕ್ಕೆ ಇದೇ ಅಂಕಿಯನ್ನು ಸಾಕ್ಷಿಯಾಗಿ ಹಿಡಿಯುತ್ತೇವೆ. 240 ಪುಟದ ಪುಸ್ತಕ ಎಂದುಕೊಳ್ಳಿ. ಒಂದು ಪುಟ ಸ್ಕ್ಯಾನ್ ಆಗದೆ ಉಳಿದಿದೆ. ಅದೇ ಫೋಲ್ಡರಿನಲ್ಲಿ ವಿಂಡೋಸ್ ತಾನಾಗಿ ಸೃಷ್ಟಿಸಿದ, ಕಣ್ಣಿಗೆ ಕಾಣದ ಥಂಬ್ಸ್ ಡಾಟ್ ಡಿಬಿ ಫೈಲೊಂದಿದೆ. ಲಿಸ್ಟ್‌ಡಿರ್ 240 ಎನ್ನುತ್ತದೆ. ಎರಡು ತಪ್ಪು ಸೇರಿ ಸರಿಯಾದ ಅಂಕಿಯೇ ಬಂದಿದೆ. ಆ ಅಂಕಿಯನ್ನು ನಂಬಿ ಮೂಲಪ್ರತಿಯನ್ನು ಹಿಂದಿರುಗಿಸಿದರೆ ಹೋದ ಪುಟ ಹೋದಂತೆಯೇ.

ಕೋಡು ಚಿಕ್ಕದಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ಈ ಅವಾಂತರದ ಬೇರು. ಚಿಕ್ಕ ಸಾಲಿನಲ್ಲಿ ನಿರ್ಧಾರಗಳು ಅಡಗಿಹೋಗುತ್ತವೆ. ಪೈಥಾನ್ 3.5 ಬಂದ 2015ರಿಂದ ಸ್ಕ್ಯಾನ್‌ಡಿರ್ ಇದೆ. ಅದು ಒಂದೊಂದೇ ನಮೂದನ್ನು ಕೈಗೆ ಕೊಡುತ್ತದೆ. ಇದು ಫೈಲೋ ಫೋಲ್ಡರೋ, ಬೇರೆಲ್ಲೋ ಇರುವುದಕ್ಕೆ ಕೊಟ್ಟ ಲಿಂಕೋ ಎಂದು ಅಲ್ಲೇ ಕೇಳಬಹುದು. ಏಳೆಂಟು ಸಾಲಿನ ಲೂಪು ಆಗುತ್ತದೆ, ಆಗಲಿ. ಯಾವುದನ್ನು ಎಣಿಸಿದೆವು, ಯಾವುದನ್ನು ಬಿಟ್ಟೆವು ಎಂಬುದು ಓದುವವನ ಕಣ್ಣೆದುರಿಗಿರುತ್ತದೆ. ಬಿಟ್ಟ ಫೈಲುಗಳ ಹೆಸರನ್ನೂ ಕೊನೆಯಲ್ಲಿ ಪ್ರಿಂಟ್ ಮಾಡಿಸಬೇಕು. ಸ್ಕ್ಯಾನ್ ಮಾಡಿದ ಪುಟಗಳಾದರೆ ಒಂದರಿಂದ 240ರವರೆಗಿನ ಪ್ರತಿ ಸಂಖ್ಯೆಗೂ ಫೈಲಿದೆಯೇ, ಅದು ಸೊನ್ನೆ ಬೈಟಿನದಲ್ಲ ತಾನೇ ಎಂದೂ ನೋಡಬೇಕು. ಮೊದಲ ವರ್ಷದ ವಿದ್ಯಾರ್ಥಿಗೆ ಲ್ಯಾಬಿನಲ್ಲಿ ಬರೆಸಬೇಕಾದದ್ದು ಈ ಉದ್ದದ ಕೋಡನ್ನೇ.