ಜೀಪಿನ ಮೂಲಪಾಠ ಯಾವುದು?

ಹಳೆಯ ಮಿಲಿಟರಿ ಜೀಪು ಇಟ್ಟುಕೊಂಡವರ ನಡುವೆ ಒಂದು ಜಗಳ ಎಂದೂ ಮುಗಿಯುವುದಿಲ್ಲ. ಗಾಡಿ ಯುದ್ಧಕ್ಕೆ ಹೋದಾಗ ಹೇಗಿತ್ತೋ ಹಾಗೇ ಆಗಬೇಕು, ಒಂದು ಬೋಲ್ಟೂ ಆಚೀಚೆ ಇರಬಾರದು ಎನ್ನುವವರು ಒಂದು ಕಡೆ. ಗಾಡಿ ನನ್ನದು, ನನ್ನ ದಾರಿಗೆ ತಕ್ಕಂತೆ ಬದಲಿಸಿಕೊಳ್ಳುತ್ತೇನೆ ಎನ್ನುವವರು ಇನ್ನೊಂದು ಕಡೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಜಗಳ ಹೊಸದಲ್ಲ. ಓಲೆಗರಿಗಳನ್ನು ಮುಂದಿಟ್ಟುಕೊಂಡು ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂದು ಗ್ರಂಥಸಂಪಾದಕರು ನಡೆಸಿಕೊಂಡು ಬಂದ ವಾದವೇ ಇದು. ನನ್ನ ಬಳಿಯೂ ಅಂಥದೊಂದು ಜೀಪಿದೆ. ಅದನ್ನು ಪಠ್ಯವೆಂದು ಓದಿದರೆ ಈ ವಾದಕ್ಕೆ ಏನಾದರೂ ಉತ್ತರ ಸಿಗುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಮೊದಲು 'ಮೂಲ'ವನ್ನೇ ನೋಡೋಣ. 1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಹಗುರ ಗಾಡಿ ಬೇಕೆಂದಾಗ ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಸೇನೆ ಅದರ ನಕ್ಷೆಗಳನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೂ ಕೊಟ್ಟಿತು. ಕೊನೆಗೆ ಎಂಜಿನ್ ವಿಲ್ಲೀಸಿನದು, 60 ಅಶ್ವಶಕ್ತಿಯದು. ಇಂದು ಜೀಪಿನ ಮುಖವೆಂದು ನಾವು ಗುರುತಿಸುವ, ತಗಡನ್ನು ಒತ್ತಿ ಮಾಡಿದ ಸೀಳುಗಳ ಗ್ರಿಲ್ ಫೋರ್ಡಿನದು. ವಿಲ್ಲೀಸಿನ ಮೊದಮೊದಲ ಗಾಡಿಗಳಲ್ಲಿ ಆ ಜಾಗದಲ್ಲಿ ಬೆಸುಗೆ ಹಾಕಿದ ಕಬ್ಬಿಣದ ಪಟ್ಟಿಗಳಿದ್ದವು. ಯುದ್ಧ ಮುಗಿಯುವುದರೊಳಗೆ ಎರಡು ಕಂಪನಿಗಳೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೆ 'ಎಫ್' ಅಕ್ಷರ ಒತ್ತುತ್ತಿತ್ತು. ಆದರೆ ಒಂದರ ಭಾಗ ಇನ್ನೊಂದಕ್ಕೆ ಕೂರಬೇಕೆಂಬುದೇ ಸೇನೆಯ ಷರತ್ತಾಗಿದ್ದರಿಂದ ರಿಪೇರಿಯಲ್ಲಿ ಎರಡೂ ಬೆರೆತುಹೋದವು. ಅಂದರೆ ಈ ಕೃತಿಯ ಮೂಲದಲ್ಲೇ ಮೂರು ಕೈಗಳಿವೆ. ಒಬ್ಬ ಕರ್ತೃವಿನ ಶುದ್ಧ ಪಾಠ ಎಂಬುದು ಆರಂಭದಲ್ಲೂ ಇರಲಿಲ್ಲ.

ಇನ್ನು ಪಾಠಾಂತರಗಳು. ನನ್ನ ಜೀಪಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಡ್ಯಾಶ್‌ಬೋರ್ಡಿನ ಎಡಬದಿಯಲ್ಲಿ ತಗಡಿನ ತುಂಡಿನಿಂದ ಮುಚ್ಚಿದ ಒಂದು ತೂತು. ಯುದ್ಧಕಾಲದ ಜೀಪುಗಳ ಸ್ಟೀರಿಂಗ್ ಎಡಕ್ಕಿತ್ತು. ನಮ್ಮ ರಸ್ತೆಗೆ ಅದು ಬಲಕ್ಕೆ ಬರಬೇಕಾಯಿತು. ಆರು ವೋಲ್ಟಿನ ವೈರಿಂಗ್ ಹೋಗಿ ಹನ್ನೆರಡು ವೋಲ್ಟಿನದು ಬಂದಿದೆ. ಪೆಟ್ರೋಲ್ ಎಂಜಿನ್ ಇದ್ದಲ್ಲಿ ಪ್ಯೂಜೋ ಡೀಸೆಲ್ ಕೂತಿದೆ. ಅದನ್ನು ಕೂರಿಸಲು ಚಾಸಿಗೆ ಹೊಸ ಬ್ರಾಕೆಟ್ಟುಗಳನ್ನು ವೆಲ್ಡ್ ಮಾಡಲಾಗಿದೆ. ಇವೆಲ್ಲ ನಾನು ಕೊಳ್ಳುವ ಮೊದಲೇ ಆದ, ಆರ್‌ಸಿ ಪುಸ್ತಕದಲ್ಲಿ ನಮೂದಾದ ಬದಲಾವಣೆಗಳು. ಮಲೆನಾಡಿನ ತೋಟದ ದಾರಿಗಳಲ್ಲಿ ಕಾಫಿ ಮೂಟೆ, ಗೊಬ್ಬರ, ಆಳುಗಳನ್ನು ಹೊತ್ತು ಏರು ಹತ್ತುವ ಗಾಡಿಗೆ ವೇಗ ಬೇಡ, ಕಡಿಮೆ ಸುತ್ತಿನಲ್ಲಿ ಎಳೆಯುವ ಶಕ್ತಿ ಬೇಕು, ಖರ್ಚು ಕಮ್ಮಿ ಬೀಳಬೇಕು. ಡೀಸೆಲ್ ಕೊಟ್ಟದ್ದು ಅದನ್ನು. ಬದಲಿಗೆ ಸದ್ದು ಹೆಚ್ಚಿತು, ನಡುಕ ಹೆಚ್ಚಿತು, ಬಾಡಿಯಲ್ಲಿ ಬಿರುಕುಗಳು ಬಂದವು. ಬಿರುಕಿಗೊಂದು ಪ್ಯಾಚು, ಪ್ಯಾಚಿಗೊಂದು ಪ್ಯಾಚು. ಜಬಲ್ಪುರದಲ್ಲಿ ನಮ್ಮ ಸೇನೆಗೆಂದು ತಯಾರಾಗಿ ಆಮೇಲೆ ಹರಾಜಿಗೆ ಬಂದ ಜೋಂಗಾಗಳ ಕಥೆಯೂ ಇದೇ. ನಾಲ್ಕು ಲೀಟರಿನ ಆ ಪೆಟ್ರೋಲ್ ಎಂಜಿನ್ನಿನ ದಾಹ ತೀರಿಸಲಾಗದೆ ಎಷ್ಟೋ ಮಾಲೀಕರು ಡೀಸೆಲ್ ಹಾಕಿಸಿದರು.

ಇವನ್ನೆಲ್ಲ ಪ್ರಕ್ಷಿಪ್ತವೆಂದು ಕಿತ್ತುಹಾಕಬೇಕೆ? ಇಲ್ಲಿ ನನಗೆ ನೆನಪಾಗುವುದು ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಪಾದಿಸಿದ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ತಮ್ಮ ತಮ್ಮ ಕಾಲದಲ್ಲಿ ಮತ್ತೆ ಸಂಪಾದಿಸಿದರು. ನಂತರದ ಪಾಠಗಳನ್ನು ನಾವು ಕೆಟ್ಟುಹೋದ ಪ್ರತಿಗಳೆಂದು ಓದುವುದಿಲ್ಲ. ಪ್ರತಿಯೊಂದೂ ತನ್ನ ಕಾಲಕ್ಕೆ ಏನು ಬೇಕಿತ್ತೆಂದು ಹೇಳುತ್ತದೆ. 1940ರ ದಶಕದ ಸ್ಥಿತಿಗೆ ಮರಳಿಸಿದ ಜೀಪು ಮ್ಯೂಸಿಯಮ್ಮಿಗೆ ಬೇಕು, ನಿಜ. ಆದರೆ ಊರಲ್ಲಿರುವ ಪ್ರತಿ ಜೀಪನ್ನೂ ಹಾಗೆ ಮಾಡಿದರೆ ಅಳಿಸಿಹೋಗುವುದು ಇಲ್ಲಿನ ಬದುಕಿನ ಪುಟಗಳು. ಉಳಿಯುವುದು ನಾಲ್ಕೈದು ವರ್ಷದ ಯುದ್ಧ, ಹೋಗುವುದು ಎಪ್ಪತ್ತು ಚಿಲ್ಲರೆ ವರ್ಷದ ದುಡಿಮೆ. ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಬರೆಸು ಎಂದು ಗೆಳೆಯರು ಹೇಳುತ್ತಲೇ ಇರುತ್ತಾರೆ. ನಾನು ಬರೆಸಿಲ್ಲ. ಆ ನಕ್ಷತ್ರದ ಕೆಳಗೆ ಸತ್ತವರ ನೆನಪು ನನ್ನ ಭಾನುವಾರದ ಅಲಂಕಾರವಾಗುವುದು ನನಗೆ ಒಗ್ಗುವುದಿಲ್ಲ.

ಹಾಗೆಂದು ಎಲ್ಲ ಬದಲಾವಣೆಗೂ ಬೆಲೆ ಒಂದೇ ಅಲ್ಲ. ವಿಮರ್ಶೆ ಶುರುವಾಗುವುದೇ ಇಲ್ಲಿ. ಮಂದಲಪಟ್ಟಿಯಂಥ ಕಡೆಗೆ ಜೀಪು ಹತ್ತುವುದೇ ನೋಟವಾದ ಮೇಲೆ ಅಳತೆ ಮೀರಿದ ಟೈರು, ಎತ್ತರಿಸಿದ ಸಸ್ಪೆನ್ಷನ್, ಸಾಲು ದೀಪಗಳು ಫ್ಯಾಷನ್ನಾಗಿವೆ. ಅಗಲ ಕಮ್ಮಿಯಿರುವ ಈ ಗಾಡಿಯನ್ನು ಎತ್ತರಿಸಿದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ದೊಡ್ಡ ಚಕ್ರ ಆಕ್ಸಲ್ಲಿಗೂ ಬ್ರೇಕಿಗೂ ಹೊರೆ. ಎಡದಿಂದ ಬಲಕ್ಕೆ ಬಂದ ಸ್ಟೀರಿಂಗ್ ದಾರಿ ಕೇಳಿದ ಪ್ರಶ್ನೆಗೆ ಉತ್ತರ. ಸಾಲು ದೀಪ ಯಾರೂ ಕೇಳದ ಪ್ರಶ್ನೆಗೆ ಉತ್ತರ. ಅಗತ್ಯದಿಂದ ಹುಟ್ಟಿದ ಪಾಠಾಂತರ, ಮೆಚ್ಚಿಸಲು ಸೇರಿಸಿದ ಪದ್ಯ ಇವೆರಡನ್ನು ಬೇರೆ ಮಾಡಲು ಸಂಪಾದಕನಿಗೆ ಬೇಕಾದ ವಿವೇಕವೇ ಮಾಲೀಕನಿಗೂ ಬೇಕು.

ಕಾನೂನು ಈ ವಿವೇಕವನ್ನು ಬೇರೆ ರೀತಿಯಲ್ಲಿ ಬರೆದಿದೆ. ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ವ್ಯಾಖ್ಯಾನಿಸಿತು. ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ ಅದರ ಕಾಳಜಿ ಸರಿಯಾದದ್ದೇ. 2021ರ ವಿಂಟೇಜ್ ನಿಯಮಗಳು ಐವತ್ತು ವರ್ಷ ದಾಟಿದ ವಾಹನಕ್ಕೆ ವಿಶೇಷ ನೋಂದಣಿ ಕೊಡುತ್ತವೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು, ಮತ್ತು ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ಪರಂಪರೆ ಎಂಬ ಗೌರವ ಸಲ್ಲುವುದು ದುಡಿಯದೆ ನಿಂತ ಗಾಡಿಗೆ. ದುಡಿದು ಬದಲಾದ ಗಾಡಿಗೆ ಹೆಸರೇ ಇಲ್ಲ. ಗುಜರಿಗೆ ಹೋಗುವಾಗ ಅದರ ಪರವಾಗಿ ಹೇಳಲು ಯಾವ ಕಾಗದವೂ ಇರುವುದಿಲ್ಲ.

ನನಗೆ ಹೆಚ್ಚು ನೋವಾಗುವುದು ಇನ್ನೊಂದು ವಿಷಯಕ್ಕೆ. ಶೂನ್ಯಸಂಪಾದನೆಯ ಸಂಪಾದಕರ ಹೆಸರು ನಮಗೆ ಗೊತ್ತು. ಬೋಲ್ಟಿನ ಮೇಲಿನ 'ಎಫ್' ಯಾರದೆಂದೂ ಗೊತ್ತು. ಈ ಬ್ರಾಕೆಟ್ಟನ್ನು ಅಳತೆಗೆ ಕತ್ತರಿಸಿ, ಬೇರೆ ದೇಶದ ಎಂಜಿನ್ನನ್ನು ಬೇರೆ ದೇಶದ ಗೇರ್‌ಬಾಕ್ಸಿಗೆ ಕೂಡಿಸಿದ ಮೇಸ್ತ್ರಿಯ ಹೆಸರು ಎಲ್ಲೂ ಇಲ್ಲ. ಹಾಗಾಗಿ ನಾನೊಂದು ನೋಟುಬುಕ್ಕು ಇಟ್ಟಿದ್ದೇನೆ. ಗಾಡಿಯಲ್ಲಿ ಏನು ಬದಲಾಯಿತು, ಯಾಕೆ, ಯಾರ ಕೈಯಿಂದ ಎಂದು ಅದರಲ್ಲಿ ಬರೆಯುತ್ತೇನೆ. ಅಡಿಟಿಪ್ಪಣಿಯಿಲ್ಲದ ಪರಿಷ್ಕರಣವನ್ನು ನಾವು ಸಾಹಿತ್ಯದಲ್ಲಿ ಒಪ್ಪುವುದಿಲ್ಲ. ಗ್ಯಾರೇಜಿನಲ್ಲಿಯೂ ಒಪ್ಪಬಾರದು.